ಒಂದೊಂದು ಊರಿಗೂ ಒಂದೊಂದು ಕೊನೆ



ಗಂಗಾವತಿಯ ಈ ದತ್ತಿ ಉಪನ್ಯಾಸದ ವಿಷಯ ಸಮಕಾಲೀನ ಕಥನ. ಕಾದಂಬರಿಯ ಬಗ್ಗೆಯೋ ಸಿನಿಮಾದ ಬಗ್ಗೆಯೋ ಕೇಳಬಹುದೆಂದು ನೀವು ಬಂದಿರುತ್ತೀರಿ. ನಾನು ಇತ್ತೀಚೆಗೆ ಮುಗಿಸಿದ ಒಂದು ವಿಡಿಯೊ ಗೇಮ್ ಬಗ್ಗೆ ಮಾತಾಡಲಿದ್ದೇನೆ. ಗೇಮ್ ಎಂದರೆ ಮಕ್ಕಳ ಕಣ್ಣು ಕೆಡಿಸುವ ವಸ್ತು ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ದೊಡ್ಡ ಕಾದಂಬರಿಯೊಂದನ್ನು ಮುಗಿಸಿದಾಗ ಆಗುವ ಕಳವಳವೇ ಈ ಆಟ ಮುಗಿಸಿದಾಗಲೂ ನನಗಾಯಿತು. ಅದಕ್ಕೇ ಈ ವೇದಿಕೆಗೆ ತಂದಿದ್ದೇನೆ.

ಆಟದ ಹೆಸರು 'ಫಾಲೌಟ್: ನ್ಯೂ ವೇಗಸ್'. ಅಮೆರಿಕದ ಅಬ್ಸಿಡಿಯನ್ ಸಂಸ್ಥೆ ಅದನ್ನು ಕಟ್ಟಿತು, 2010ರಲ್ಲಿ ಅದು ಹೊರಬಂತು. ನಿರ್ದೇಶಕ ಜಾಶ್ ಸಾಯರ್ ಕಾಲೇಜಿನಲ್ಲಿ ಇತಿಹಾಸ ಓದಿದವರು. ಆಟದುದ್ದಕ್ಕೂ ಅದು ಗೊತ್ತಾಗುತ್ತದೆ. ಈ ಸರಣಿಯ ಮೊದಲ ಆಟ ಬಂದದ್ದು 1997ರಲ್ಲಿ, ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ.

ಕಥೆ ಹೀಗಿದೆ. 2077ರಲ್ಲಿ ಅಣುಯುದ್ಧವಾಗಿ ಲೋಕ ಸುಟ್ಟುಹೋಗಿದೆ. ಬದುಕುಳಿದವರ ಸಂತತಿ 2281ರ ಹೊತ್ತಿಗೆ ಮೊಹಾವಿ ಮರುಭೂಮಿಯಲ್ಲಿ ಮತ್ತೆ ಊರು ಕಟ್ಟಿಕೊಂಡಿದೆ. ನೀವು ಟಪಾಲು ಒಯ್ಯುವ ಆಳು. ತಲೆಗೆ ಗುಂಡು ಬಿದ್ದು, ಹೂತ ಗುಂಡಿಯಿಂದ ಬದುಕಿ ಬಂದವರು. ಅಲ್ಲಿಂದ ಮುಂದೆ ಯಾರನ್ನು ನಂಬುವುದು, ಯಾರನ್ನು ಕೈಬಿಡುವುದು, ಎಲ್ಲ ನಿಮ್ಮ ಆಯ್ಕೆ. ಎಲ್ಲರ ಕಣ್ಣೂ ಕೊಲರಾಡೊ ನದಿಯ ಹೂವರ್ ಡ್ಯಾಂ ಮೇಲಿದೆ. ಪಶ್ಚಿಮ ದಡದಲ್ಲಿ ಕ್ಯಾಲಿಫೋರ್ನಿಯಾದ ಹೊಸ ಗಣರಾಜ್ಯ, ಪೂರ್ವದಲ್ಲಿ ಗುಲಾಮರನ್ನು ದುಡಿಸುವ ಸೀಸರನ ದಂಡು, ನಡುವೆ ವೇಗಸ್ ಆಳುವ ಮಿಸ್ಟರ್ ಹೌಸ್. ಈ ಮೂವರಲ್ಲಿ ಒಬ್ಬರಿಗೆ ಡ್ಯಾಂ ಗೆದ್ದುಕೊಡಬಹುದು, ಇಲ್ಲವೇ ಮೂವರನ್ನೂ ಹೊರಗಟ್ಟಿ ನೀವೇ ಉಳಿಸಿಕೊಳ್ಳಬಹುದು.

ಡ್ಯಾಂ ಇರುವ ಮುನಿರಾಬಾದಿನ ಮಗ್ಗುಲಲ್ಲಿ ಬದುಕುವ ನಮಗೆ ಇದು ಪರದೇಶದ ಕಥೆ ಅನ್ನಿಸುವುದಿಲ್ಲ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ಎಡದಂಡೆ ನಿಜಾಮರ ಹೈದರಾಬಾದಿನದು, ಬಲದಂಡೆ ಬ್ರಿಟಿಷರ ಮದರಾಸಿನದು. ಕಟ್ಟಿ ನೀರು ನಿಲ್ಲಿಸಿದ 1953ರ ಹೊತ್ತಿಗೆ ನಿಜಾಮರ ಆಳ್ವಿಕೆಯೂ ಇರಲಿಲ್ಲ, ಬ್ರಿಟಿಷರದೂ ಇರಲಿಲ್ಲ. ಆಳುವವರು ಬದಲಾದರು. ಕಾಲುವೆ ಯಾವ ಊರಿಗೆ ಹೋಗಬೇಕು, ಯಾವ ಊರು ಮುಳುಗಬೇಕು ಎಂಬ ತೀರ್ಮಾನಗಳು ಮಾತ್ರ ನೆಲದಲ್ಲಿ ಹಾಗೇ ಉಳಿದವು.

ಆಟದಲ್ಲಿ ನನ್ನನ್ನು ಬಹಳ ಕಾಡಿದ್ದು ಒಂದು ಸಣ್ಣ ಪ್ರಸಂಗ. ವೇಗಸ್ಸಿನ ಅಂಚಿನಲ್ಲಿ ಗಣರಾಜ್ಯದ ಪಾಲುದಾರ ರೈತರ ಹೊಲಗಳಿವೆ. ನೀರು ದಿನೇ ದಿನೇ ಕಡಿಮೆ ಬರುತ್ತಿದೆ. ಕಾರಣ ಹುಡುಕಹೋದ ವೈಟ್ ಎಂಬ ಸೈನಿಕ ಕಾಣೆಯಾಗಿದ್ದಾನೆ. ಜಾಡು ಹಿಡಿದು ಹೋದರೆ ನೀರು ಹರಿಯುತ್ತಿರುವುದು ವೆಸ್ಟ್‌ಸೈಡ್ ಎಂಬ ಬಡವರ ಕೇರಿಗೆ. ಅಲ್ಲಿಯವರು ಸಹಕಾರಿ ಸಂಘ ಮಾಡಿಕೊಂಡು ಬೆಳೆ ತೆಗೆದು ಹೊಟ್ಟೆ ಹೊರೆಯುತ್ತಿದ್ದಾರೆ. ಗುಟ್ಟು ಹೊರಬಿದ್ದರೆ ಕೇರಿ ಒಣಗುತ್ತದೆಂದು ಅವರ ನಡುವೆ ಸೇವೆ ಮಾಡುತ್ತಿದ್ದ ಟಾಮ್ ಆಂಡರ್ಸನ್ನನೇ ವೈಟ್‌ನನ್ನು ಕೊಂದಿದ್ದಾನೆ. ಅವನನ್ನು ಹಿಡಿದುಕೊಡಬಹುದು, ಮುಚ್ಚಿಹಾಕಲೂಬಹುದು. ಏನು ಮಾಡಿದರೂ ಸತ್ತ ಸೈನಿಕನಿಗೂ ಹೊಲದವರಿಗೂ ಕೇರಿಗೂ ಒಟ್ಟಿಗೆ ನ್ಯಾಯ ಸಿಗುವುದಿಲ್ಲ. ಗುಂಡಿ ಒತ್ತುವ ಮುನ್ನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಎಡದಂಡೆ ಕಾಲುವೆಯ ಜಗಳ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದಲ್ಲಿ ಗಂಗಾವತಿ, ಕಾರಟಗಿ. ಕೆಳಗೆ ಸಿಂಧನೂರು, ಮಾನ್ವಿ, ರಾಯಚೂರು. ಯೋಜನೆ ಮಾಡಿದವರು ಬಹುಪಾಲು ನೆಲಕ್ಕೆ ಜೋಳ, ಹತ್ತಿಯಂಥ ಹಗುರ ನೀರಿನ ಬೆಳೆ ಬರೆದಿದ್ದರು. ನೀರು ಬಂದಲ್ಲೆಲ್ಲ ಭತ್ತ ಬಂತು. ಮೇಲಿನವರು ಪಂಪ್‌ಸೆಟ್ಟು ಇಟ್ಟು ಎತ್ತುತ್ತಾರೆ, ಕೊನೆ ಭಾಗದ ರೈತರು ರಸ್ತೆಗಿಳಿಯುತ್ತಾರೆ. ಮೇಲೆ ಎತ್ತುವವರಲ್ಲೂ ಎರಡೆಕರೆಯ ಸಾಲಗಾರ ಇದ್ದಾನೆ. ನಮ್ಮ ಸಭೆಗಳಲ್ಲಿ ಒಂದು ಕಡೆಯವರನ್ನು ಕಳ್ಳರೆಂದೋ ಇನ್ನೊಂದು ಕಡೆಯವರನ್ನು ಪುಢಾರಿಗಳ ಮಾತಿಗೆ ಕುಣಿಯುವವರೆಂದೋ ಕರೆದು ಮುಗಿಸುತ್ತೇವೆ. ಆಟ ಹಾಗೆ ಮುಗಿಸಲು ಬಿಡುವುದಿಲ್ಲ. ಎರಡೂ ಮನೆಯ ಬಾಗಿಲಿಗೆ ಹೋಗಿ ಮುಖ ನೋಡಿ ಮಾತಾಡಿದ ಮೇಲೆಯೇ ತೀರ್ಮಾನ.

ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಊರಿನಲ್ಲಿ ನಿಮ್ಮ ಒಳ್ಳೆಯ ಹೆಸರನ್ನೂ ಕೆಟ್ಟ ಹೆಸರನ್ನೂ ಆಟ ಬೇರೆಬೇರೆ ಲೆಕ್ಕದಲ್ಲಿ ಇಡುತ್ತದೆ. ಒಂದರಿಂದ ಇನ್ನೊಂದನ್ನು ಕಳೆಯುವುದಿಲ್ಲ. ಊರಿಗೆ ಔಷಧಿ ತಂದುಕೊಟ್ಟಿರಬಹುದು; ಅದೇ ಊರಿನಲ್ಲಿ ಕದ್ದದ್ದು ಅದರಿಂದ ಅಳಿಸಿಹೋಗುವುದಿಲ್ಲ. ಗುಡಿಗೆ ಗೋಪುರ ಕಟ್ಟಿಸಿ ಹಳೆಯದನ್ನು ಮರೆಸುವ ನಮ್ಮ ಕಾಲಕ್ಕೆ ಇದು ಕಟುವಾದ, ಬೇಕಾದ ವಿವೇಕ.

ಕೊನೆಯ ಯುದ್ಧಕ್ಕೆ ಮುನ್ನ 'ಇಲ್ಲಿಂದ ಹಿಂದಿರುಗುವಂತಿಲ್ಲ' ಎಂಬ ಎಚ್ಚರಿಕೆ ಬರುತ್ತದೆ. ಗೆದ್ದ ಮೇಲೆ ಒಂದೊಂದೇ ಚಿತ್ರ ಮೂಡಿ, ಒಂದೊಂದು ಊರಿನ, ಒಂದೊಂದು ಗುಂಪಿನ, ಜೊತೆಗೆ ನಡೆದ ಗೆಳೆಯರ ಮುಂದಿನ ಪಾಡು ಹೇಳುತ್ತದೆ. ಆಮೇಲೆ ಆಟ ಅಲ್ಲಿಗೇ ನಿಲ್ಲುತ್ತದೆ. ಗೆದ್ದ ಲೋಕದಲ್ಲಿ ಓಡಾಡಲು ಬಿಡುವುದಿಲ್ಲ. ನಾನು ಡ್ಯಾಂ ಯಾರಿಗೂ ಕೊಡದೆ ಸ್ವತಂತ್ರವಾಗಿ ಉಳಿಸಿದ್ದೆ, ಸರಿಯಾದದ್ದನ್ನೇ ಮಾಡಿದೆನೆಂದು ನಂಬಿದ್ದೆ. ಆದರೆ ನಾನು ಎಂದೋ ದಾಟಿಬಂದ, ಹೆಸರೂ ಮಸುಕಾದ ಊರುಗಳನ್ನು ಆಟ ಮರೆತಿರಲಿಲ್ಲ.

ನಮ್ಮ ಅಣೆಕಟ್ಟಿನ ಕಥೆಯನ್ನು ಹೀಗೆ ಊರೂರಿನ ಲೆಕ್ಕದಲ್ಲಿ ಹೇಳಿದರೆ ಹೇಗಿರುತ್ತದೆ? ಗಂಗಾವತಿ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಎದ್ದವು, ಆಂಧ್ರದಿಂದ ಬಂದವರ ಕ್ಯಾಂಪುಗಳು ಊರುಗಳಾದವು. ಅದೇ ನೀರಿನಿಂದ ಹೊಲಗಳು ಸವಳು-ಜವಳು ಹಿಡಿದವು; ಆ ನೆಲದ ರೋಗಕ್ಕೆ ಮದ್ದು ಹುಡುಕುವ ಸಂಶೋಧನಾ ಕೇಂದ್ರ ಇದೇ ಊರಲ್ಲಿದೆ. ಕೊಪ್ಪಳ ತಾಲೂಕಿನ ಅಂಗಳದಲ್ಲೇ ಡ್ಯಾಂ ಇದೆ. ಹಿನ್ನೀರಿಗೆ ಎರಡೂ ದಂಡೆಯ ಹಳ್ಳಿಗಳು ಹೋದವು, ಇಂದು ಗಿಣಿಗೇರಿ ಸುತ್ತ ಕಾರ್ಖಾನೆಗಳ ಕಪ್ಪು ಬೂದಿ ಬೆಳೆಯ ಮೇಲೆ ಕೂರುತ್ತದೆ. ಕುಷ್ಟಗಿ, ಯಲಬುರ್ಗಾ ಎತ್ತರದಲ್ಲಿದ್ದವು, ಕಾಲುವೆ ಹತ್ತಲಿಲ್ಲ. ಅಲ್ಲಿ ಸಜ್ಜೆ, ಜೋಳ, ಶೇಂಗಾ. ಮಳೆ ಕೈಕೊಟ್ಟರೆ ಬೆಂಗಳೂರು, ಗೋವೆಯ ಕಡೆ ಗುಳೆ. ಕೃಷ್ಣೆಯ ನೀರಿಗಾಗಿ ಅಲ್ಲಿಯ ಹೊಲಗಳು ಕಾದು ಕೂತಿವೆ. ಒಂದೇ ಜಿಲ್ಲೆ, ಒಂದೇ ನದಿ, ಕೊನೆಗಳು ಬೇರೆಬೇರೆ.

ಲೋಕ ಮುಗಿದ ಮೇಲಿನ ಬದುಕು ಎಂಬುದೂ ನಮಗೆ ಹೊಸದಲ್ಲ. 1565ರಲ್ಲಿ ವಿಜಯನಗರ ಬಿತ್ತು. ಹೊಳೆಯ ಈಚೆ ಆನೆಗೊಂದಿಯಲ್ಲಿ ಜನ ಉಳಿದರು, ಬಿತ್ತಿದರು, ಜಾತ್ರೆ ಮಾಡಿದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ, ಲೋಕ ಮತ್ತೆ ಮುಗಿಯಿತೇನೋ ಎಂದು ಇಡೀ ಸೀಮೆಯ ಎದೆ ನಡುಗಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗೇಟು ಇಳಿಸಿ, ವಾರದೊಳಗೆ ನೀರು ತಡೆದರು. ಆ ರಾತ್ರಿಯ ಕಥೆಗೆ ಕನ್ನಡದಲ್ಲಿ ಒಂದು ಆಟವಿರಬೇಕಿತ್ತು.

ಇಲ್ಲಿ ಕೂತಿರುವ ಕಾಲೇಜಿನ ಹುಡುಗ ಹುಡುಗಿಯರಲ್ಲಿ ನನ್ನದೊಂದು ಬೇಡಿಕೆ. ನಾನು ಆಡಿದ ಆಟದಲ್ಲಿ ಕನ್ನಡದ ಒಂದು ಮಾತೂ ಇಲ್ಲ. ದೊಡ್ಡ ಬಂಡವಾಳಕ್ಕಾಗಿ ಕಾಯಬೇಡಿ. 'ಟ್ವೈನ್' ಎಂಬ ಉಚಿತ ತಂತ್ರಾಂಶದಲ್ಲಿ ಕೋಡ್ ಕಲಿಯದೆಯೂ, ಕನ್ನಡ ಲಿಪಿಯಲ್ಲೇ, ಆಯ್ಕೆಗಳ ಕಥೆ ಹೆಣೆಯಬಹುದು. ನಿಮ್ಮ ಕಾಲುವೆಯ ಕಥೆಯನ್ನು ಹೆಣೆಯಿರಿ. ಡ್ಯಾಂನಿಂದ ಶುರುಮಾಡಬೇಡಿ, ಕೊನೆ ಭಾಗದ ರೈತನ ಹೊಲದಿಂದ ಶುರುಮಾಡಿ. ಕುಷ್ಟಗಿ, ಯಲಬುರ್ಗಾದ ಗೆಳೆಯರನ್ನೂ ಜೊತೆಗೆ ಕೂರಿಸಿಕೊಳ್ಳಿ.