ಮಾರಾಟವಾದ ಕಾರಿಗೂ ಒಂದು ತಾರೀಖು ಬೇಕು



ಹಳೆ ಕಾರುಗಳ ಡೀಲರುಗಳೂ ವಾಣಿಜ್ಯ, ಕಾನೂನು ವಿಭಾಗಗಳ ಅಧ್ಯಾಪಕರೂ ಸೇರಿರುವ ಈ ಸಂಕಿರಣ ನಡೆಯುತ್ತಿರುವುದು ಮೈಸೂರಿನ ಬೋಗಾದಿಯಲ್ಲಿ. ಕೆಲ ವರ್ಷಗಳ ಹಿಂದಿನವರೆಗೆ ಗ್ರಾಮ ಪಂಚಾಯಿತಿಯಾಗಿದ್ದ ಊರು ಇದು. ಆಮೇಲೆ ಪಟ್ಟಣ ಪಂಚಾಯಿತಿಯಾಯಿತು. ಒಂದು ಮಗ್ಗುಲಲ್ಲಿ ಮಾನಸಗಂಗೋತ್ರಿ, ಇನ್ನೊಂದು ಮಗ್ಗುಲಲ್ಲಿ ವರ್ತುಲ ರಸ್ತೆ. ಇಲ್ಲಿನ ಬಡಾವಣೆಗಳಲ್ಲಿ ಸಾಲ ಮಾಡಿ ಮನೆ ಕಟ್ಟಿದ ಸಂಸಾರಗಳು ಮೊದಲ ಕಾರು ಕೊಳ್ಳಲು ಹೊರಟಾಗ ಷೋರೂಮಿಗೆ ಹೋಗುವ ಮುನ್ನ ಮೊಬೈಲಿನಲ್ಲಿ ಹಳೆ ಕಾರುಗಳ ಪಟ್ಟಿ ನೋಡುತ್ತವೆ. ನಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಬಹುಕಾಲದಿಂದ ನಾನು ಹೇಳುತ್ತಾ ಬಂದಿರುವ ಮಾತನ್ನು ಇಲ್ಲಿಯೂ ಹೇಳುತ್ತೇನೆ. ಕಾರನ್ನು ಮಾರುವುದು ಹೇಗೆ ಎಂದು ನಮ್ಮ ಕ್ಷೇತ್ರ ಸಾಕಷ್ಟು ಕಲಿಸಿತು. ಮಾರಿದ ಮೇಲೆ ಜನರಿಗೆ ಏನು ಹೇಳಬೇಕು ಎಂಬುದನ್ನು ಕಲಿಸಲೇ ಇಲ್ಲ. ದಾರಿ ತಪ್ಪಿದ್ದು ಅಲ್ಲಿ.

ಹಳೆ ಕಾರಿನ ಸಂತೆಯಲ್ಲಿ ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ, ಆ ಅಂತರವೇ ಸಂತೆಯನ್ನು ಕೆಡಿಸುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಈ ಬಗ್ಗೆ ನಮ್ಮ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಮೊದಲ ಗೋಷ್ಠಿಯಲ್ಲಿ ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಗ್ರಾಹಕ ಕಾನೂನಿನ ಪ್ರಬಂಧವೂ ಮಧ್ಯಾಹ್ನ ಇದೆ. ಆ ಎರಡನ್ನೂ ಅವರಿಗೇ ಬಿಟ್ಟು, ಮಾರಿದ ಮೇಲೆ ಏನು ಹೇಳಬೇಕು ಎಂಬ ನನ್ನ ಪ್ರಶ್ನೆಗೆ ಬರುತ್ತೇನೆ.

ಮಾರಾಟವಾದ ಕಾರಿನ ಆನ್‌ಲೈನ್ ಪುಟವನ್ನು ಡೀಲರುಗಳು ಇವತ್ತು ಮೂರು ಬಗೆಯಲ್ಲಿ ನಡೆಸಿಕೊಳ್ಳುತ್ತಾರೆ. ಕೆಲವರು ಅದನ್ನು ಹಾಗೇ ಬಿಡುತ್ತಾರೆ. ಕೆಲವರು ಅಳಿಸಿಹಾಕುತ್ತಾರೆ. ಇನ್ನು ಕೆಲವರು ಆ ಕೊಂಡಿ ಒತ್ತಿದವರನ್ನು ಬೇರೊಂದು ಕಾರಿನ ಪುಟಕ್ಕೆ ದಾಟಿಸುತ್ತಾರೆ. ಮೂರರಲ್ಲೂ ಕೊಳ್ಳುವವನಿಗೆ ಸತ್ಯ ಸಿಗುವುದಿಲ್ಲ.

ಮೊದಲನೆಯದಕ್ಕೆ ಒಂದು ಉದಾಹರಣೆ. ಗದ್ದಿಗೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನಗೆ ಪರಿಚಿತರು. ಮೊಬೈಲಿನಲ್ಲಿ ಒಂದು ಬಿಳಿ ಕಾರು ನೋಡಿದರು. ಕೆಎ 09 ನೋಂದಣಿ, ಒಬ್ಬರೇ ಮಾಲೀಕರು, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, ಬೆಲೆ ಅವರ ಕೈಗೆಟುಕುವಷ್ಟು. ಕೆಳಗೆ ಹಸಿರು ಗುಂಡಿ: ಈಗಲೇ ವಿಚಾರಿಸಿ. ವಿಚಾರಿಸಿದರು. ಬನ್ನಿ ಸಾರ್, ಗಾಡಿ ಇದೆ ಎಂದರು. ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದರು. ಅಂಗಡಿಯಲ್ಲಿ ಸಿಕ್ಕ ಉತ್ತರ: ಅದು ನಿನ್ನೆ ತಾನೇ ಹೋಯ್ತು ಸಾರ್, ಅದರಪ್ಪನಂಥದ್ದು ಒಂದಿದೆ, ಸ್ವಲ್ಪ ಜಾಸ್ತಿ ಆಗುತ್ತೆ. ಮೇಷ್ಟ್ರು ಬರಿಗೈಲಿ ವಾಪಸು ಹೋದರು. ತಿಂಗಳು ಕಳೆದರೂ ಆ ಬಿಳಿ ಕಾರು ಅದೇ ಬೆಲೆಗೆ, ಅದೇ ಹಸಿರು ಗುಂಡಿಯೊಂದಿಗೆ ಪುಟದಲ್ಲಿತ್ತು.

ಇದನ್ನು ವ್ಯಾಪಾರದ ಜಾಣತನ ಎಂದು ಕರೆಯುವವರು ಈ ಸಭೆಯಲ್ಲೂ ಇರಬಹುದು. ಕಾನೂನು ಹಾಗೆ ಕರೆಯುವುದಿಲ್ಲ. ಹೇಳಿದ ಬೆಲೆಗೆ ಆ ವಸ್ತು ಸಿಗುವ ಸಾಧ್ಯತೆಯೇ ಇಲ್ಲದೆ ಗ್ರಾಹಕರನ್ನು ಸೆಳೆಯಬಾರದು ಎಂದು 2022ರ ಜಾಹೀರಾತು ಮಾರ್ಗಸೂಚಿ ಹೇಳುತ್ತದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ವಂಚನೆಯ 13 ಬಗೆಗಳನ್ನು ಪಟ್ಟಿ ಮಾಡಿತು. ಅಗ್ಗದ ಬೆಲೆಗೆ ಒಂದನ್ನು ತೋರಿಸಿ, ಕೊಳ್ಳಲು ಬಂದಾಗ ಅದು ಮುಗಿದಿದೆ ಎಂದು ಹೇಳಿ, ದುಬಾರಿಯಾದ ಇನ್ನೊಂದನ್ನು ಮುಂದಿಡುವುದು ಅವುಗಳಲ್ಲಿ ಒಂದು. ಮೇಷ್ಟ್ರಿಗೆ ಆದದ್ದು ಅಕ್ಷರಶಃ ಅದೇ.

ಹಾಗಾದರೆ ಅಳಿಸಿಬಿಡೋಣ ಎನ್ನುತ್ತಾರೆ ನಮ್ಮ ಡಿಜಿಟಲ್ ಮಾರ್ಕೆಟಿಂಗ್ ಗೆಳೆಯರು. ಇಲ್ಲಿ ನಾನು ಅವರೊಂದಿಗೆ ಜಗಳಕ್ಕೇ ನಿಲ್ಲುತ್ತೇನೆ. ಕಾರು ಕೊಂಡವನ ಮಟ್ಟಿಗೆ ಆ ಪುಟ ಡೀಲರ್ ಕೊಟ್ಟ ಮಾತು. ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಕೈ, ಅಪಘಾತವಾಗಿದೆಯೇ ಇಲ್ಲವೇ ಎಂಬುದೆಲ್ಲ ಬರಹದಲ್ಲಿ ಇದ್ದದ್ದು ಅಲ್ಲಿ ಮಾತ್ರ. ಡೆಲಿವರಿಯಾದ ದಿನವೇ ಪುಟ ಮಾಯವಾದರೆ, ಎರಡು ತಿಂಗಳ ಮೇಲೆ ಮೀಟರ್ ತಿರುಗಿಸಿದ್ದು ಗೊತ್ತಾದಾಗ ಅವನು ಗ್ರಾಹಕ ಆಯೋಗದ ಮುಂದೆ ಏನನ್ನು ತೋರಿಸಬೇಕು? ಪುಟ ಅಳಿಸಿದರೆ ಕೊಟ್ಟ ಮಾತೂ ಅಳಿಸಿಹೋಗುತ್ತದೆ. ತನ್ನ ಹಳೆ ಕಾರನ್ನು ಮಾರಲು ಹೊರಟ ಪಕ್ಕದ ಬೀದಿಯವರಿಗೂ ನಷ್ಟವಿದೆ. ಅಂಥದೇ ಕಾರು ಕಳೆದ ದಸರಾ ಹೊತ್ತಿಗೆ ಎಷ್ಟಕ್ಕೆ ಪಟ್ಟಿಯಲ್ಲಿತ್ತು ಎಂದು ತಿಳಿಯುವ ದಾರಿ ಅವರಿಗೆ ಮುಚ್ಚಿಹೋಗುತ್ತದೆ. ಬೆಲೆಯ ನೆನಪು ಡೀಲರ್ ಒಬ್ಬನ ಬಳಿಯೇ ಉಳಿಯುತ್ತದೆ. ಅಕರ್ಲಾಫ್ ಹೇಳಿದ ಅಂತರ ಇನ್ನಷ್ಟು ದೊಡ್ಡದಾಗುತ್ತದೆ. ಬೇರೊಂದು ಕಾರಿನ ಪುಟಕ್ಕೆ ದಾಟಿಸುವ ಮೂರನೆಯ ಬಗೆಯಲ್ಲೂ ಹಳೆ ಪುಟ ಕಾಣೆಯಾಗುವುದರಿಂದ ನಷ್ಟ ಇದೇ.

ಮಾರಾಟವಾದದ್ದನ್ನು ಹಾಗೆಂದು ಹೇಳಲು ತಂತ್ರಜ್ಞಾನದ ತೊಡಕು ಏನೂ ಇಲ್ಲ. ವಸ್ತು ಮಾರಾಟವಾಗಿದೆ ಎಂದು ಹುಡುಕು ಯಂತ್ರಗಳಿಗೆ ತಿಳಿಸಲು ಸೋಲ್ಡ್ ಔಟ್ ಎಂಬ ಗುರುತು ಇದೆ. ಉಳಿಸಬೇಕಾದಷ್ಟು ಕಾಲ ಉಳಿಸಿ ತೆಗೆದ ಪುಟ ಶಾಶ್ವತವಾಗಿ ಹೋಯಿತು ಎನ್ನಲು 410 ಎಂಬ ಸಂಕೇತವೂ ಇದೆ. ಉಪಕರಣಕ್ಕೆ ಕೊರತೆಯಿಲ್ಲ, ಬಳಸುವ ಮನಸ್ಸಿಗೆ ಕೊರತೆ.

ಕಾಗದದ ಕಾಲ ಹೀಗಿರಲಿಲ್ಲ. 1978ರಲ್ಲಿ ಮೈಸೂರು ಮಿತ್ರ, ಸ್ಟಾರ್ ಆಫ್ ಮೈಸೂರು ಪತ್ರಿಕೆಗಳು ಶುರುವಾದ ಮೇಲೆ ಮೈಸೂರಿನ ಎಷ್ಟೋ ಅಂಬಾಸಿಡರ್, ಫಿಯಟ್, ಮಾರುತಿ 800ಗಳು ಅವುಗಳ ಸಣ್ಣ ಜಾಹೀರಾತುಗಳಿಂದ ಕೈ ಬದಲಾಯಿಸಿವೆ. ಮೂರು ಸಾಲು, ಒಂದು ಫೋನ್ ನಂಬರು. ಆದರೆ ಆ ಮೂರು ಸಾಲಿನ ಹಾಳೆಯ ಮೇಲ್ಭಾಗದಲ್ಲಿ ಅಂದಿನ ತಾರೀಖು ಅಚ್ಚಾಗಿರುತ್ತಿತ್ತು. ವಾರದ ಹಿಂದಿನ ಪತ್ರಿಕೆ ಹಿಡಿದು ಯಾರೂ ಕಾರು ಕೇಳಲು ಹೋಗುತ್ತಿರಲಿಲ್ಲ. ಹಾಗೆಯೇ ಹಳೆ ಸಂಚಿಕೆಗಳ ಕಟ್ಟು ಬಿಚ್ಚಿದರೆ ಹಳೆ ಬೆಲೆಯೂ ಸಿಗುತ್ತಿತ್ತು. ಇಂದಿನ ಪುಟಗಳಲ್ಲಿ ಹತ್ತಾರು ಫೋಟೊ ಇವೆ, ತಾರೀಖು ಇಲ್ಲ.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ಮಾರಾಟವಾಗಿದೆ ಎಂದು ಬರೆಯಬೇಕು, ಸರಿ. ಯಾವ ಗಳಿಗೆಯಲ್ಲಿ ಬರೆಯಬೇಕು?

ಕಾನೂನುಗಳೇ ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತವೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಇಬ್ಬರೂ ಬೇರೆ ಉದ್ದೇಶ ಇಟ್ಟುಕೊಳ್ಳದಿದ್ದರೆ, ಕೊಡಲು ಸಿದ್ಧವಾಗಿರುವ ನಿರ್ದಿಷ್ಟ ವಸ್ತುವಿನ ಒಡೆತನ ಷರತ್ತಿಲ್ಲದ ಒಪ್ಪಂದವಾದ ಕ್ಷಣವೇ ದಾಟುತ್ತದೆ. ದುಡ್ಡು ಆಮೇಲೆ ಬರಲಿ, ವಸ್ತು ಆಮೇಲೆ ಹೋಗಲಿ. 1988ರ ಮೋಟಾರು ವಾಹನ ಕಾಯ್ದೆಗೆ ಮಾಲೀಕ ಎಂದರೆ ಆರ್‌ಸಿಯಲ್ಲಿ ಹೆಸರಿರುವವನು. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳಲ್ಲಿ ಮಾಲೀಕನು ಗಾಡಿಯನ್ನು ಅಧಿಕೃತ ಡೀಲರ್‌ಗೆ ಒಪ್ಪಿಸಿ ಸರ್ಕಾರದ ಪೋರ್ಟಲಿನಲ್ಲಿ ತಿಳಿಸಿದ ಮೇಲೆ ಡೀಲರನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ.

ಇದು ಪುಸ್ತಕದ ಚರ್ಚೆ ಎಂದುಕೊಳ್ಳಬೇಡಿ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾರು ಒಬ್ಬರಿಂದ ಇನ್ನೊಬ್ಬರಿಗೆ ಹಲವು ಕೈ ದಾಟಿತ್ತು, ದಾಖಲೆಯಲ್ಲಿ ಮೊದಲನೆಯವರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಹೆಸರಿದ್ದವರ ಮೇಲೇ ಬಿತ್ತು. ಕಾರು ಮಾರಿ ನೆಮ್ಮದಿಯಾಗಿದ್ದವರು ಕಾನೂನಿನ ಕಣ್ಣಿನಲ್ಲಿ ಇನ್ನೂ ಮಾಲೀಕರು.

ಹಾಗಾದರೆ ಟೋಕನ್ ಮುಂಗಡ ಕೊಟ್ಟ ದಿನ ಮಾರಾಟವೇ? ಪೂರ್ತಿ ಹಣ ಬಂದ ದಿನವೇ? ಬೀಗದ ಕೈ ಕೊಟ್ಟ ದಿನವೇ? ಆರ್‌ಸಿ ಹೆಸರು ಬದಲಾದ ದಿನವೇ? ಟೋಕನ್ ಕೊಟ್ಟವನಿಗೆ ಬ್ಯಾಂಕು ಸಾಲ ಕೊಡದಿದ್ದರೆ ಗಾಡಿ ಮತ್ತೆ ಮಾರುಕಟ್ಟೆಗೆ ಬರುತ್ತದೆ. ಆಗ ಪುಟದಲ್ಲಿ ಏನಿರಬೇಕು? ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ಸಂಕಿರಣದ ಈ ಎರಡು ದಿನಗಳಲ್ಲಿ ನೀವು ಅದನ್ನು ಹುಡುಕಬೇಕೆಂದು ಕೇಳಿಕೊಳ್ಳುತ್ತೇನೆ.

ಹುಡುಕಲು ಒಂದು ದಾರಿ ನನಗೆ ಕಂಡದ್ದು ಇದೇ ಬೋಗಾದಿಯಲ್ಲಿ. ಇಲ್ಲಿನ ಹಿರಿಯ ಡೀಲರ್ ಒಬ್ಬರು ಸಭೆಯಲ್ಲಿದ್ದಾರೆ, ಹೆಸರು ಹೇಳಬೇಡಿ ಎಂದಿದ್ದಾರೆ. ಅವರ ಮೇಜಿನ ಮೇಲೆ ಕೆಂಪು ಬಟ್ಟೆ ಅಂಚಿನ ಉದ್ದನೆಯ ಪುಸ್ತಕವಿದೆ. ಪ್ರತಿ ಗಾಡಿಗೂ ಒಂದು ಸಾಲು. ಬಂದ ದಿನ, ಬಂದಾಗ ಮೀಟರಿನಲ್ಲಿದ್ದ ಕಿಲೋಮೀಟರ್, ಟೋಕನ್ ದಿನ, ಡೆಲಿವರಿ ದಿನ, ಕೊನೆಗೆ ಆರ್‌ಸಿ ವರ್ಗಾವಣೆಯ ದಿನ. ಆ ಕೊನೆಯ ಮನೆ ತುಂಬುವವರೆಗೆ ಅವರು ಸಾಲಿನ ಮೇಲೆ ಗೆರೆ ಎಳೆಯುವುದಿಲ್ಲ. ಟೋಕನ್ ಮುರಿದುಬಿದ್ದರೆ ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಹೊಸ ತಾರೀಖು ಬರೆಯುತ್ತಾರೆ. ಯಾವ ಗಳಿಗೆ ಎಂಬ ನಮ್ಮ ತರ್ಕಕ್ಕೆ ಆ ಪುಸ್ತಕ ಒಂದೇ ಉತ್ತರ ಕೊಡುವುದಿಲ್ಲ, ಎಲ್ಲ ಗಳಿಗೆಗಳನ್ನೂ ದಾಖಲಿಸುತ್ತದೆ. ಆನ್‌ಲೈನ್ ಪುಟಕ್ಕೂ ಅಷ್ಟೇ ಸಾಕಲ್ಲವೇ?

ಆಕ್ಷೇಪಣೆಗಳು ನನಗೆ ಗೊತ್ತು. ಹಿಂದಿನ ಮಾಲೀಕರ ಖಾಸಗಿತನ ಎನ್ನುತ್ತೀರಿ. ನ್ಯಾಯವಾದ ಮಾತು, 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಇದೆ. ನಂಬರ್ ಪ್ಲೇಟು ಮರೆಮಾಡಿ, ಹೆಸರು ಹಾಕಬೇಡಿ. ಲಾಭದ ಗುಟ್ಟು ಬಯಲಾಗುತ್ತದೆ ಎನ್ನುತ್ತೀರಿ. ನೀವು ಕೊಂಡ ಬೆಲೆ ಯಾರೂ ಕೇಳುತ್ತಿಲ್ಲ, ಊರಿಗೆಲ್ಲ ತೋರಿಸಿದ್ದ ಬೆಲೆಯನ್ನು ಉಳಿಸಿ ಎನ್ನುತ್ತಿದ್ದೇನೆ, ಅಷ್ಟೇ.

ಆದ್ದರಿಂದ ಡೀಲರ್ ಬಂಧುಗಳಲ್ಲಿ ನನ್ನ ವಿನಂತಿ. ಟೋಕನ್ ಕೈಗೆ ಬಂದ ಕೂಡಲೇ ಹಸಿರು ಗುಂಡಿಯನ್ನು ತೆಗೆಯಿರಿ. ಡೆಲಿವರಿಯಾದ ದಿನ ಮಾರಾಟವಾಗಿದೆ ಎಂದು ತಾರೀಖಿನೊಂದಿಗೆ ಬರೆಯಿರಿ. ನೀವು ಕೊಟ್ಟ ವಿವರಗಳನ್ನು ಒಂದಕ್ಷರವೂ ಬದಲಿಸದೆ, ಗ್ರಾಹಕ ದೂರು ಕೊಡಲು ಕಾನೂನು ನೀಡಿರುವ ಎರಡು ವರ್ಷವಾದರೂ ಉಳಿಸಿ. ಅಧ್ಯಾಪಕ ಮಿತ್ರರೇ, ಮಾರಾಟದ ಪಾಠವನ್ನು ಬಿಲ್ಲಿನ ಪುಟಕ್ಕೆ ಮುಗಿಸಬೇಡಿ, ಆರ್‌ಸಿ ವರ್ಗಾವಣೆಯವರೆಗೂ ಕಲಿಸಿ. ಈ ಸಂಕಿರಣ ಮುಗಿಯುವುದರೊಳಗೆ ಇಲ್ಲಿ ಕುಳಿತಿರುವ ಡೀಲರುಗಳು ಇಷ್ಟನ್ನು ಒಪ್ಪಿ ಸಹಿ ಹಾಕಿದರೆ, ನಾವು ಸೇರಿದ್ದು ಸಾರ್ಥಕ.