ಚೀಟಿ ಬರೆದಲ್ಲಿಗೆ ಕೆಲಸ ಮುಗಿಯುವುದಿಲ್ಲ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ವೈದ್ಯರೊಬ್ಬರು ಮಾಡಿದ ಭಾಷಣ)



ಸಾಲ ಕೊಟ್ಟ ಮೇಲೆ ಸಂಘ ಲೆಡ್ಜರ್ ಮುಚ್ಚಿಡುವುದಿಲ್ಲ. ಕಂತು ತಪ್ಪಿದರೆ ಕಾರ್ಯದರ್ಶಿಗಳು ಮನೆಗೇ ಹೇಳಿಕಳಿಸುತ್ತಾರೆ. ಹಾಗೆ ವಿಚಾರಿಸುವ ವೈದ್ಯರು ಎಷ್ಟು ಮಂದಿ ಇದ್ದಾರೆ? ಮೊದಮೊದಲು ನಾನೂ ವಿಚಾರಿಸುತ್ತಿರಲಿಲ್ಲ.

ಪ್ರಾಕ್ಟೀಸು ಶುರು ಮಾಡಿದ ಹೊಸದು. ರೈತರೊಬ್ಬರು ತಲೆಸುತ್ತು ಅಂತ ಬಂದರು. ಬಿ.ಪಿ. ಜಾಸ್ತಿ ಇತ್ತು, ಮಾತ್ರೆ ಬರೆದುಕೊಟ್ಟೆ. ತಿಂಗಳು ನುಂಗಿದರು, ತಲೆಸುತ್ತು ನಿಂತಿತು. ವಾಸಿಯಾಯ್ತಲ್ಲ ಅಂತ ಮಾತ್ರೆ ಬಿಟ್ಟರು. ಮುಂದಿನ ಸುಗ್ಗಿಯಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. "ಬಿಡದೆ ನುಂಗಬೇಕು ಅಂತ ನೀವು ಹೇಳಲೇ ಇಲ್ವಲ್ಲ ಡಾಕ್ಟ್ರೇ" ಅಂದರು ಅವರ ಮನೆಯವರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬಿ.ಪಿ., ಸಕ್ಕರೆ ಕಾಯಿಲೆ ಹೆಚ್ಚಾಗಿ ನೋವು ಕೊಡುವುದಿಲ್ಲ. ಒಳಗೊಳಗೇ ಕಣ್ಣು, ಮೂತ್ರಪಿಂಡ, ಹೃದಯ ಕೆಡಿಸುತ್ತವೆ. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರ ಸಾಲಿನಲ್ಲಿ ಮತ್ತೆ ಜಾರಿಯಾಯಿತು. ಆಪರೇಷನ್ನಿಗೆ ಅದು ದೊಡ್ಡ ಆಸರೆ. ಆದರೆ ಅಲ್ಲಿವರೆಗೆ ಹೋಗದಂತೆ ಕಾಯುವುದು ನಮ್ಮನ್ನು ಬಲ್ಲ ವೈದ್ಯರ ಕೆಲಸ.

ಇದು ಬರೀ ನನ್ನ ಅನುಭವದ ಮಾತಲ್ಲ. ನಾರ್ವೆ ದೇಶದಲ್ಲಿ 2001ರಿಂದ ಜನರಿಗೆ ತಮ್ಮದೇ ಆದ ಒಬ್ಬ ವೈದ್ಯರನ್ನು ಗೊತ್ತುಮಾಡುವ ಪದ್ಧತಿ ಇದೆ. ಅಲ್ಲಿನ ಒಂದು ಅಧ್ಯಯನದಲ್ಲಿ, 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ವೈದ್ಯರ ಬಳಿ ಇದ್ದವರಲ್ಲಿ ಸಾವು, ಒಂದೇ ವರ್ಷ ಇದ್ದವರಿಗಿಂತ ಸುಮಾರು ಶೇ. 25ರಷ್ಟು ಕಡಿಮೆ ಕಂಡಿತು.

ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮೂರ ಇಬ್ಬರು ಹೊಸ ಡಾಕ್ಟರುಗಳಿಗೆ ಒಂದು ಮಾತು. ಮಕ್ಕಳೇ, ಪ್ರತಿ ಮನೆಗೂ ಒಂದು ಪುಟ ಇಡಿ. ಮತ್ತೆ ಯಾವತ್ತು ಬರಬೇಕೆಂದು ಬರೆಯಿರಿ. ಆ ದಿನ ಬಾರದಿದ್ದರೆ ಫೋನ್ ಮಾಡಿ, ಇಲ್ಲವೇ ಆಶಾ ಕಾರ್ಯಕರ್ತೆಯ ಕೈಲಿ ಹೇಳಿಕಳಿಸಿ. ಪಟ್ಟಣದಲ್ಲಿ ದುಡ್ಡು ಬೇಗ ಆಗುತ್ತದೆ, ಸುಳ್ಳಲ್ಲ. ಆದರೆ ನೀವು ಹೆರಿಗೆಗೆ ಕಳಿಸಿದ ತಾಯಿಯ ಮಗು ಶಾಲೆಗೆ ಹೋಗುವುದನ್ನು ನೋಡುವ ಭಾಗ್ಯ ಅಲ್ಲಿ ಸುಲಭವಲ್ಲ.

ಬಂಧುಗಳೇ, ತಪ್ಪು ನಮ್ಮ ಕಡೆಯೂ ಇದೆ. ಒಂದು ಇಂಜೆಕ್ಷನ್ನಿಗೆ ಜ್ವರ ಇಳಿಯದಿದ್ದರೆ ಡಾಕ್ಟರನ್ನೇ ಬದಲಾಯಿಸುತ್ತೇವೆ. ಹಳೇ ಚೀಟಿ ಕಳೆಯುತ್ತೇವೆ. ಪಾಸ್‌ಬುಕ್ಕಿನ ಜೊತೆಗೇ ಅದನ್ನೂ ಜೋಪಾನ ಮಾಡಿ. ಸಂತೆಯ ದಿನ ಸಂಘದ ಒಂದು ಕೋಣೆಯನ್ನು ಈ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ. ಇಪ್ಪತ್ತೈದು ವರ್ಷ ಲೆಕ್ಕ ತಪ್ಪದ ಸಂಘಕ್ಕೆ ಇದು ಹೊರೆಯಲ್ಲ.