ಗೋಮಾಳದ ಹುಲ್ಲಿನ ಲೆಕ್ಕ
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಗಿಡ, ಹುಲ್ಲುಗಳ ಪರಿಸರವನ್ನು ಅಭ್ಯಾಸ ಮಾಡುವುದು ನನ್ನ ಕೆಲಸ. ಗೋಮಾಳದಲ್ಲಿ ಒಂದು ಮೀಟರ್ ಚೌಕ ಗುರುತು ಮಾಡಿ, ಅದರೊಳಗೆ ಯಾವ ಹುಲ್ಲು ಎಷ್ಟಿದೆಯೆಂದು ಎಣಿಸುತ್ತೇನೆ. "ಹುಲ್ಲು ಎಣಿಸುವುದಕ್ಕೂ ಸಂಬಳವೇ ಸ್ವಾಮಿ?" ಎಂದು ದನ ಕಾಯುವವರು ನಗುವುದುಂಟು. ಆದರೆ ಈ ಲೆಕ್ಕ ನಿಮ್ಮ ಹಾಲಿನದೇ ಲೆಕ್ಕ.

1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಇಂದು ನಮ್ಮ ಊರೂರಲ್ಲೂ ಇದೆ. ದನಗಳು ಇದನ್ನು ಇಷ್ಟಪಟ್ಟು ತಿನ್ನುವುದಿಲ್ಲ; ಮೇವಿಲ್ಲದೆ ತಿಂದರೆ ಹಾಲು ಕಹಿಯಾಗುತ್ತದೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆ ಬೋಳಿಸುತ್ತದೆ, ಬೇಸಿಗೆಯಲ್ಲಿ ಮಣ್ಣೊಳಗೆ ಅಡಗುತ್ತದೆ. ಅದೊಂದನ್ನೇ ನಂಬಿ ಕೂರುವಂತಿಲ್ಲ.

ನೆಲ ಬೋಳಾದಲ್ಲಿ ಈ ಗಿಡ ಬೇಗ ಹಬ್ಬುತ್ತದೆ. ಹುಲ್ಲು ದಟ್ಟವಾಗಿದ್ದಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಆದ್ದರಿಂದ ಗೋಮಾಳದ ಒಂದು ಭಾಗವನ್ನು, ವರ್ಷಕ್ಕೊಂದರಂತೆ ಸರದಿಯಲ್ಲಿ, ಮುಂಗಾರಿನಿಂದ ಹುಲ್ಲಿನ ಬೀಜ ಉದುರುವವರೆಗೆ ಮೇಯಿಸದೆ ಬಿಡಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ ಬೇರುಸಹಿತ ಕೀಳಿ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮಕ್ಕೆ ಕೆರೆತ ಬರುತ್ತದೆ.

ಮುಂದಿನ ವರ್ಷ ಅದೇ ಚೌಕದಲ್ಲಿ ಮತ್ತೆ ಎಣಿಸುತ್ತೇನೆ. ಆಗ ಹುಲ್ಲು ಹೆಚ್ಚಿತೋ ಕಳೆ ಹೆಚ್ಚಿತೋ ಎಂಬುದು ನಿಮ್ಮ ಕೈಯಲ್ಲಿದೆ.